ಒಗರು ಗೊತ್ತಿದ್ದರೆ ಕ್ಯಾಬರ್ನೆಯೂ ಗೊತ್ತಾಗುತ್ತದೆ: ಕೆಂಪು ವೈನ್ ಬ್ಲೆಂಡ್ ರುಚಿ ನೋಡುವ ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ. "ದುಡ್ಡು ಕೊಟ್ಟು ಒಳ್ಳೆಯ ಕೆಂಪು ವೈನ್ ತಂದೆವು. ಬಾಟಲಿ ಮೇಲೆ ಕ್ಯಾಬರ್ನೆ ಶಿರಾಜ್ ಅಂತ ಇತ್ತು. ಕುಡಿದರೆ ಬಾಯೆಲ್ಲ ಒಗರು, ಒಂಚೂರೂ ಸಿಹಿ ಇಲ್ಲ. ವೈನ್ ಹಾಳಾಗಿದೆಯಾ, ಇಲ್ಲ ನಮಗೇ ರುಚಿ ಗೊತ್ತಾಗ್ತಿಲ್ವಾ?"

ಹೆಚ್ಚಿನ ಸಲ ಎರಡೂ ಅಲ್ಲ. ನಮ್ಮಲ್ಲಿ ಬಹಳ ಜನ ಮೊದಲು ಕುಡಿದಿರುವುದು ಕೊಡಗಿಗೆ ಹೋದಾಗ ತಂದ ಹೋಂಮೇಡ್ ವೈನ್, ಇಲ್ಲವೇ ಪೋರ್ಟ್ ವೈನ್. ಅವು ಸಿಹಿ. ಕ್ಯಾಬರ್ನೆ, ಶಿರಾಜ್ ಎರಡೂ ಕೆಂಪು ವೈನ್ ಮಾಡುವ ದ್ರಾಕ್ಷಿಯ ಜಾತಿಗಳು. ಇಂತಹ ಕ್ಯಾಬರ್ನೆ ಬ್ಲೆಂಡ್‌ಗಳು, ಅಂದರೆ ಬೆರಕೆ ವೈನ್‌ಗಳು, ಸಾಮಾನ್ಯವಾಗಿ 'ಡ್ರೈ' ವೈನ್‌ಗಳು. ಡ್ರೈ ಅಂದರೆ ದ್ರಾಕ್ಷಿಯ ಸಕ್ಕರೆಯೆಲ್ಲ ಹುಳಿಯುವಾಗ ಆಲ್ಕೋಹಾಲ್ ಆಗಿಬಿಟ್ಟಿದೆ, ಸಿಹಿ ಉಳಿದಿಲ್ಲ ಅಂತ. ಸಿಹಿ ಹುಡುಕಿಕೊಂಡು ಹೋದರೆ ಇಲ್ಲಿ ಸಿಗುವುದಿಲ್ಲ.

ಇನ್ನು ಒಗರು. ಅಡಿಕೆ ಸೀಮೆಯವರಿಗೆ ಒಗರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಇದೆಯಲ್ಲ, ಅದರ ಬಣ್ಣ, ಒಗರು ಎರಡಕ್ಕೂ ಕಾರಣ ಟ್ಯಾನಿನ್ ಎಂಬ ವಸ್ತು. ಕ್ಯಾಬರ್ನೆ ದ್ರಾಕ್ಷಿಯ ಸಿಪ್ಪೆ, ಬೀಜದಲ್ಲಿರುವುದೂ ಅದೇ ಕುಟುಂಬದ ಟ್ಯಾನಿನ್. ಬ್ಲ್ಯಾಕ್ ಕರಂಟ್, ಸೀಡರ್ ಎಂದೆಲ್ಲ ನಾವು ಕಾಣದ ಹಣ್ಣು, ಮರಗಳ ಹೆಸರು ಓದಿ ಹೆದರಿಕೊಳ್ಳಬೇಡಿ. ನಮ್ಮ ತೋಟ, ಅಡುಗೆಮನೆಯ ರುಚಿಗಳಿಂದಲೇ ಈ ವೈನನ್ನು ಪೂರ್ತಿ ಓದಬಹುದು.

ಬ್ಲೆಂಡ್ ಯಾಕೆ ಮಾಡ್ತಾರೆ?

ಬ್ಲೆಂಡ್ ಎಂದರೆ ಬೇರೆ ಬೇರೆ ಜಾತಿಯ ದ್ರಾಕ್ಷಿಯ ವೈನ್‌ಗಳನ್ನು ಹದ ನೋಡಿ ಬೆರೆಸಿದ್ದು. ಕ್ಯಾಬರ್ನೆ ಸೊವಿನ್ಯೋನ್ (ಇಲ್ಲಿ ಬರೀ ಕ್ಯಾಬರ್ನೆ ಅಂದರೆ ಇದೇ) ಸಣ್ಣ ಹಣ್ಣು, ದಪ್ಪ ಸಿಪ್ಪೆ. ಹಾಗಾಗಿ ಬಣ್ಣ ಜಾಸ್ತಿ, ಒಗರು ಜಾಸ್ತಿ, ಹುಳಿಯೂ ಚೆನ್ನಾಗಿರುತ್ತದೆ. ಆದರೆ ಒಂದು ಕೊರತೆ. ಬಾಯಿಗೆ ಹಾಕಿದ ಕೂಡಲೇ ಗಟ್ಟಿ ಅನ್ನಿಸುತ್ತದೆ, ಕೊನೆಯಲ್ಲೂ ಗಟ್ಟಿ, ನಡುವೆ ಮಾತ್ರ ಏನೋ ಪೊಳ್ಳು. ಆ ಪೊಳ್ಳು ತುಂಬಲು ಮೆರ್ಲೋ ಎಂಬ ದ್ರಾಕ್ಷಿಯ ಮೆತ್ತಗಿನ ವೈನ್ ಸೇರಿಸುತ್ತಾರೆ. ಕ್ಯಾಬರ್ನೆ ಫ್ರಾಂ, ಪೆಟಿ ವರ್ಡೊ, ಮಾಲ್ಬೆಕ್ ಎಂಬ ಬೇರೆ ದ್ರಾಕ್ಷಿಗಳ ವೈನ್ ಕೂಡ ಸ್ವಲ್ಪ ಸ್ವಲ್ಪ ಬೀಳುವುದುಂಟು. ಇದು ಫ್ರಾನ್ಸಿನ ಬೋರ್ಡೋ ಸೀಮೆಯ ಪದ್ಧತಿ. ಅಲ್ಲಿ ಮೆರ್ಲೋ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಒಂದು ಬೆಳೆ ಮಳೆಗೆ ಸಿಕ್ಕಿದರೂ ಇನ್ನೊಂದು ಕೈಹಿಡಿಯಲಿ ಎಂಬ ರೈತನ ಲೆಕ್ಕಾಚಾರವೂ ಇದರ ಹಿಂದಿದೆ. ಭಾರತದಲ್ಲಿ, ಆಸ್ಟ್ರೇಲಿಯಾದಲ್ಲಿ ಮೆರ್ಲೋ ಬದಲು ಶಿರಾಜ್ ಬೆರೆಸುವುದು ಹೆಚ್ಚು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯ ಲಾ ರಿಸರ್ವ್ ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ.

ಬೋರ್ಡೋ ಎಂದ ಕೂಡಲೇ ನಿಮಗೆ ಮೈಲುತುತ್ತು, ಸುಣ್ಣ ನೆನಪಾಗಿರಬೇಕು. ಹೌದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹೆಸರು ಬಂದದ್ದು ಅದೇ ಊರಿಂದ. ಅಲ್ಲಿನ ದ್ರಾಕ್ಷಿ ತೋಟದಲ್ಲಿ ದಾರಿಬದಿಯ ಬಳ್ಳಿಗೆ, ಹಣ್ಣು ಕದಿಯುವವರು ಮುಟ್ಟದಿರಲಿ ಅಂತ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬರದಿದ್ದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು, ಅದೇ ಔಷಧಿ ನಮ್ಮ ಮರಗಳಿಗೂ ಬಂತು. ದ್ರಾಕ್ಷಿಗೂ ಅಡಿಕೆಗೂ ಇಷ್ಟು ಹತ್ತಿರದ ನಂಟಿದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಏನೇನು ಬೇಕು?

ಒಂದು ಬಾಟಲಿ, ಅಂದರೆ 750 ಮಿ.ಲೀ. ಸಾಮಾನ್ಯವಾಗಿ ಲೇಬಲ್‌ನಲ್ಲಿ ಮೊದಲು ಬರೆದ ದ್ರಾಕ್ಷಿ ಜಾಸ್ತಿ ಇರುತ್ತದೆ. ಹಾಗಾಗಿ ಕ್ಯಾಬರ್ನೆ ಹೆಸರು ಮೊದಲಿರುವುದನ್ನೇ ಆರಿಸಿ. ತಲೆಗೆ 50 ಮಿ.ಲೀ. ಸಾಕು, ನಾಲ್ಕೈದು ಜನಕ್ಕೆ ಒಂದು ಬಾಟಲಿ ಧಾರಾಳ.

ಕಾಲಿರುವ ಗಾಜಿನ ಲೋಟ ಬೇಕು. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು ಇರಲಿ. ಸ್ಟೀಲ್ ಲೋಟದಲ್ಲಿ ಬಣ್ಣವೂ ಕಾಣುವುದಿಲ್ಲ, ಪರಿಮಳವೂ ನಿಲ್ಲುವುದಿಲ್ಲ. ಬಿಳಿ ಕಾಗದ, ಕುಡಿಯುವ ನೀರು, ಉಪ್ಪು ಮಸಾಲೆ ಇಲ್ಲದ ಬ್ರೆಡ್ಡು ಇಟ್ಟುಕೊಳ್ಳಿ. ಉಗುಳಲು ಒಂದು ಪಾತ್ರೆ ಬೇಕೇಬೇಕು. ಅಜ್ಜನ ಕಾಲದ ಪೀಕದಾನಿ ಮನೆಯಲ್ಲಿದ್ದರೆ ತೊಳೆದು ತನ್ನಿ. ವೈನ್ ಪರೀಕ್ಷೆ ಮಾಡುವುದನ್ನೇ ಕೆಲಸ ಮಾಡಿಕೊಂಡವರು ಎಲ್ಲವನ್ನೂ ಉಗುಳುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು, ಇದು ತುಂಬಾ ಮುಖ್ಯ. ಐದಾರು ಬಟ್ಟಲಲ್ಲಿ ಇವನ್ನು ಇಡಿ: ಆಗಷ್ಟೇ ಕುಟ್ಟಿದ ಕಾಳುಮೆಣಸು, ಹೆಚ್ಚಿದ ದೊಣ್ಣೆಮೆಣಸಿನಕಾಯಿ, ಎರಡು ಲವಂಗ, ಹುರಿದ ಕಾಫಿಬೀಜ, ಸಿಕ್ಕುವ ಕಾಲವಾದರೆ ನೇರಳೆಹಣ್ಣು ಅಥವಾ ಕವಳಿಹಣ್ಣು. ಯಾವುದೋ ವಾಸನೆ ಮೂಗಿಗೆ ಬಂದು ಹೆಸರು ಬಾಯಿಗೆ ಬರದಿದ್ದಾಗ ಈ ಬಟ್ಟಲುಗಳೇ ದಾರಿ ತೋರಿಸುತ್ತವೆ.

21 ತುಂಬದವರು, ಬಸುರಿಯರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದರಿಂದ ದೂರ ಇರಿ. ಇಂತಹ ವೈನ್‌ನಲ್ಲಿ ಸಾಮಾನ್ಯವಾಗಿ ಶೇಕಡ 13ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ. ರುಚಿ ನೋಡಿದ ಮೇಲೆ ಗಾಡಿ ಮುಟ್ಟಬೇಡಿ. ಘಾಟಿ ರಸ್ತೆಯಲ್ಲಂತೂ ಬೇಡವೇ ಬೇಡ.

ಹಂತ 1: ಬಾಯಿ, ಮೂಗು ಶುದ್ಧ ಮಾಡಿಕೊಳ್ಳಿ

ಮಲೆನಾಡಿನಲ್ಲಿ ಎಲ್ಲರೂ ಮಾಡುವ ತಪ್ಪು ಇಲ್ಲೇ ಆಗುತ್ತದೆ. ಊಟ ಮುಗಿಸಿ, ಕವಳ ಹಾಕಿ, ಆಮೇಲೆ ವೈನ್ ಬಾಟಲಿ ತೆಗೆಯುತ್ತಾರೆ. ಅಡಿಕೆಯ ಟ್ಯಾನಿನ್ ಆಗಲೇ ನಾಲಿಗೆಯನ್ನು ಹಿಡಿದಿರುತ್ತದೆ, ಸುಣ್ಣ ಬಾಯಿಯನ್ನು ಚುರುಗುಟ್ಟಿಸಿರುತ್ತದೆ. ಅದರ ಮೇಲೆ ಯಾವ ವೈನ್ ಹಾಕಿದರೂ ಕಹಿ. ಎಲೆ ಅಡಿಕೆ, ಕಾಫಿ, ಟೂತ್‌ಪೇಸ್ಟು ಎಲ್ಲದರಿಂದ ಕನಿಷ್ಠ ಒಂದು ಗಂಟೆ ಬಿಡುವು ಇರಲಿ. ಸಂಜೆ ಊಟಕ್ಕೆ ಮುಂಚೆ, ಸ್ವಲ್ಪ ಹಸಿವಿದ್ದಾಗ ಮೂಗು ಚುರುಕಾಗಿರುತ್ತದೆ. ಊದುಬತ್ತಿ, ಮಲ್ಲಿಗೆ ಹೂವು, ಒಗ್ಗರಣೆ ವಾಸನೆ ಇರುವ ಕೋಣೆ ಬೇಡ.

ಹಂತ 2: ಲೋಟ ಮೂಸಿ ನೋಡಿ

ಖಾಲಿ ಲೋಟವನ್ನು ಮೂಸಿ. ಮಳೆಗಾಲದಲ್ಲಿ ಬೀರುವಿನಲ್ಲಿ ಬೋರಲು ಹಾಕಿಟ್ಟ ಲೋಟಕ್ಕೆ ಮುಗ್ಗಲು ವಾಸನೆ ಕೂತಿರುತ್ತದೆ. ಪಾತ್ರೆ ಸೋಪಿನ ನಿಂಬೆ ವಾಸನೆಯೂ ಉಳಿದಿರಬಹುದು. ಬಿಸಿನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಲ್ಲಿ ಒರೆಸಿ. ಇದೇಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕಾರ್ಕ್ ಕೆಟ್ಟಾಗ ವೈನ್‌ಗೂ ಇದೇ ಮುಗ್ಗಲು ವಾಸನೆ ಬರುತ್ತದೆ. ತಪ್ಪು ಲೋಟದ್ದೋ ಬಾಟಲಿಯದ್ದೋ ಮೊದಲೇ ಗೊತ್ತಿರಬೇಕು.

ಹಂತ 3: ತಂಪು ಸರಿಮಾಡಿ

"ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು" ಅನ್ನುವ ಮಾತು ಚಳಿ ದೇಶದ್ದು. ಕ್ಯಾಬರ್ನೆ ಬ್ಲೆಂಡ್‌ಗೆ 16ರಿಂದ 18 ಡಿಗ್ರಿ ಹದ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಮನೆಯೊಳಗೆ ಅದಕ್ಕಿಂತ ಎಷ್ಟೋ ಸೆಕೆ ಇರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಆಗುಂಬೆ ಕಡೆ ಜಡಿಮಳೆಯ ದಿನಗಳಲ್ಲಿ ಹದಿನೈದು ನಿಮಿಷ ಸಾಕು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಅದೂ ತಪ್ಪು. ವೈನ್ ತೀರಾ ತಣ್ಣಗಾದರೆ ಪರಿಮಳ ಏಳುವುದಿಲ್ಲ, ಒಗರು ಮಾತ್ರ ಎದ್ದು ನಿಲ್ಲುತ್ತದೆ. ಹಾಗಾದರೆ ಲೋಟದ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಸಿಮಾಡಿ.

ಹಂತ 4: ಗಾಳಿ ತಾಗಿಸಿ

ಎರಡು ಮೂರು ವರ್ಷದ ಎಳೆ ವೈನ್ ಆದರೆ ಗಾಜಿನ ಜಗ್ಗಿಗೆ ಸುರಿದು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಬಾಟಲಿಯ ಮುಚ್ಚಳ ತೆಗೆದು ಸುಮ್ನೆ ಇಟ್ಟರೆ ಸಾಲದು, ಕತ್ತು ಕಿರಿದಾದ್ದರಿಂದ ಗಾಳಿ ಒಳಗೆ ಹೋಗುವುದಿಲ್ಲ. ತಾಮ್ರದ, ಹಿತ್ತಾಳೆಯ ಚೊಂಬು ಬೇಡ, ವೈನ್ ಹುಳಿ ಪದಾರ್ಥ. ತಳದಲ್ಲಿ ಗಷ್ಟು ಕಂಡರೆ ಭಯಬೇಡ, ಬಣ್ಣ ಮತ್ತು ಟ್ಯಾನಿನ್ ಕೂಡಿ ಇಳಿದದ್ದು ಅದು. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಮೇಲಿನದನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ.

ಹಂತ 5: ಬಣ್ಣ ನೋಡಿ

ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಹಿಡಿಯಿರಿ. ನಡುವಲ್ಲ, ಅಂಚು ನೋಡಬೇಕು. ಅಂಚು ನೇರಳೆಹಣ್ಣಿನ ಬಣ್ಣವಿದ್ದರೆ ಎಳೆ ವೈನ್. ಮನೆಯ ಹೆಂಚಿನ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಲೇಬಲ್‌ನಲ್ಲಿ ಇತ್ತೀಚಿನ ವರ್ಷ ಇದ್ದೂ ಅಂಚು ಹೆಂಚಿನ ಬಣ್ಣವಾಗಿದ್ದರೆ ಬಾಟಲಿ ಬಿಸಿಲಲ್ಲೋ ಸೆಕೆಯಲ್ಲೋ ಬೆಂದಿದೆ ಅಂತ ಅನುಮಾನಪಡಿ. ನಾನು ಒಮ್ಮೆ ಒಂದು ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತ ಬಾಟಲಿ ತಂದು ಇದೇ ಪಾಠ ಕಲಿತೆ. ಕಾರ್ಕ್ ಮೇಲೆ ಉಬ್ಬಿತ್ತು, ವೈನ್ ಕುದಿಸಿದ ಹಣ್ಣಿನ ಪಾಕದ ಹಾಗಿತ್ತು. ಅಂಗಡಿಯಲ್ಲಿ ಒಳಗಿನ ಕತ್ತಲೆ ಕಪಾಟಿನಿಂದ ಬಾಟಲಿ ಕೊಡಿ ಅಂತಲೇ ಕೇಳಿ.

ಲೋಟದ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ಗುಣಮಟ್ಟ ಹೇಳುವವರಿದ್ದಾರೆ. ಅದು ಮುಖ್ಯವಾಗಿ ಆಲ್ಕೋಹಾಲಿನ ಲಕ್ಷಣ, ರುಚಿಗೆ ಸಂಬಂಧವಿಲ್ಲ.

ಹಂತ 6: ಮೂಸುವುದು

ಅರ್ಧ ಕೆಲಸ ಇಲ್ಲೇ ಇದೆ, ಅವಸರ ಬೇಡ. ಮೊದಲು ಅಲ್ಲಾಡಿಸದೆ ಒಮ್ಮೆ ಮೂಸಿ. ಆಮೇಲೆ ಲೋಟವನ್ನು ಮೇಜಿನ ಮೇಲೇ ಇಟ್ಟು, ಕಾಲು ಹಿಡಿದು, ರಂಗೋಲಿಯ ಸೊನ್ನೆ ಎಳೆದ ಹಾಗೆ ನಾಲ್ಕು ಸುತ್ತು ತಿರುಗಿಸಿ. ಮತ್ತೆ ಮೂಗು ಒಳಗಿಟ್ಟು ಸಣ್ಣ ಸಣ್ಣ ಉಸಿರು ಎಳೆದುಕೊಳ್ಳಿ. ಒಂದೇ ಸಮನೆ ಮೂಸುತ್ತಿದ್ದರೆ ಮೂಗು ಸೋಲುತ್ತದೆ. ನಡುವೆ ನಿಮ್ಮ ಮೊಣಕೈ ಮಡಿಕೆಯನ್ನೇ ಮೂಸಿ, ಸರಿಹೋಗುತ್ತದೆ.

ಮೊದಲು ಹಣ್ಣನ್ನು ಹುಡುಕಿ. ಪರದೇಶದವರು ಬ್ಲ್ಯಾಕ್ ಕರಂಟ್ ಅನ್ನುವ ಜಾಗದಲ್ಲಿ ನನಗೆ ಸಿಗುವುದು ಕಳಿತ ನೇರಳೆ ಮತ್ತು ಕವಳಿಹಣ್ಣು. ನಿಮಗೆ ಬೇರೆ ಅನ್ನಿಸಿದರೆ ಅದನ್ನೇ ಬರೆದುಕೊಳ್ಳಿ.

ಆಮೇಲೆ ಹಸಿರು. ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಏಳುವ ವಾಸನೆ ಕ್ಯಾಬರ್ನೆಯ ಗುರುತು. ಎರಡರಲ್ಲೂ ಪೈರಜೀನ್ ಎಂಬ ಒಂದೇ ಬಗೆಯ ವಸ್ತುವಿದೆ. ಹಣ್ಣು ಚೆನ್ನಾಗಿ ಮಾಗಿದಷ್ಟೂ ಇದು ಇಳಿಯುತ್ತದೆ. ಒಂದೆಳೆಯಷ್ಟು ಇದ್ದರೆ ಚಂದ, ಅದೇ ಮುಂದಾದರೆ ಕಾಯಿ ಕೊಯ್ದಿದ್ದಾರೆ ಅಂತ ಲೆಕ್ಕ.

ಬ್ಲೆಂಡ್‌ನಲ್ಲಿ ಶಿರಾಜ್ ಇದ್ದರೆ ಕಾಳುಮೆಣಸನ್ನು ಹುಡುಕಿ. ಇದು ಬರೀ ಹೋಲಿಕೆಯಲ್ಲ. ಕಾಳುಮೆಣಸಿನ ಪರಿಮಳ ಕೊಡುವ ರೊಟುಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಅವರೇ ಕಂಡುಕೊಂಡ ಇನ್ನೊಂದು ವಿಷಯ: ಸುಮಾರು ಐವರಲ್ಲಿ ಒಬ್ಬರಿಗೆ ಈ ವಸ್ತುವಿನ ವಾಸನೆ ತಿಳಿಯುವುದೇ ಇಲ್ಲ. ಹಾಗಾಗಿ ಗಂಡ "ಮೆಣಸು ಇದೆ" ಅಂದು, ಹೆಂಡತಿ "ಇಲ್ಲವೇ ಇಲ್ಲ" ಅಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಲವಂಗ, ವೆನಿಲ್ಲಾ, ಹುರಿದ ಕಾಫಿ, ಹೊಗೆ ಇವು ದ್ರಾಕ್ಷಿಯಿಂದ ಬಂದವಲ್ಲ. ವೈನನ್ನು ಓಕ್ ಮರದ ಪೀಪಾಯಿಯಲ್ಲಿ ಇಟ್ಟಾಗ ಮರದಿಂದ ಇಳಿದವು. ವೆನಿಲ್ಲಾ ಬೆಳೆದು ಕೈಸುಟ್ಟುಕೊಂಡ ತೋಟದವರು ಈ ವಾಸನೆಯನ್ನು ಒಂದೇ ಉಸಿರಿಗೆ ಹಿಡಿಯುತ್ತೀರಿ. ಮರದ ವಾಸನೆಯೇ ಎಲ್ಲವನ್ನೂ ಮುಚ್ಚಿದ್ದರೆ ನನಗೆ ಅದು ಒಳ್ಳೆಯ ಬ್ಲೆಂಡ್ ಅಲ್ಲ.

ಕೆಟ್ಟ ವಾಸನೆಗಳು: ಒದ್ದೆ ರಟ್ಟಿನ ಮುಗ್ಗಲು ಇದ್ದರೆ ಕಾರ್ಕ್ ಕೆಟ್ಟಿದೆ, ಗಾಳಿಗಿಟ್ಟರೂ ಹೋಗುವುದಿಲ್ಲ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಜೋರಾಗಿದ್ದರೆ ವೈನ್ ಕೆಟ್ಟಿದೆ. ಕೊಳೆತ ಮೊಟ್ಟೆಯ ವಾಸನೆ ಮಾತ್ರ ಹತ್ತು ನಿಮಿಷ ಗಾಳಿಯಾಡಿದರೆ ಎಷ್ಟೋ ಸಲ ಹೊರಟುಹೋಗುತ್ತದೆ, ಚೆಲ್ಲುವ ಮೊದಲು ಕಾಯಿರಿ.

ಹಂತ 7: ಬಾಯಲ್ಲಿ ಬಿಡಿಸಿ ನೋಡಿ

ಎರಡು ಚಮಚದಷ್ಟು ವೈನ್ ಬಾಯಿಗೆ ತೆಗೆದುಕೊಳ್ಳಿ. ನುಂಗಬೇಡಿ. ಬಾಯೆಲ್ಲ ಓಡಾಡಿಸಿ, ಬಿಸಿ ಸಾರನ್ನು ಸೊರ್ ಅಂತ ಹೀರುವ ಹಾಗೆ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಗಂಟಲ ಹಿಂದಿನಿಂದ ಪರಿಮಳ ಮೂಗಿಗೆ ಏರುತ್ತದೆ. ಹತ್ತು ಎಣಿಸಿ ಉಗುಳಿ. ಮೊದಲ ಗುಟುಕು ಬಾಯಿ ತೊಳೆಯಲಷ್ಟೇ, ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎರಡನೇ ಗುಟುಕಿನಿಂದ ಒಂದೊಂದನ್ನೇ ಕೇಳಿಕೊಳ್ಳಿ.

ಹುಳಿ ಎಷ್ಟು? ಉಗುಳಿದ ಮೇಲೆ ನಾಲಿಗೆಯ ಪಕ್ಕದಲ್ಲಿ ನೀರೂರುತ್ತದಾ ನೋಡಿ. ಅಪ್ಪೆಮಿಡಿ ನೆನೆಸಿಕೊಂಡರೆ ಬಾಯಲ್ಲಿ ನೀರು ಬರುತ್ತದಲ್ಲ, ಅದೇ ಹುಳಿಯ ಕೆಲಸ.

ಒಗರು ಎಷ್ಟು? ಹುಳಿ ನೀರೂರಿಸುತ್ತದೆ, ಒಗರು ಒಣಗಿಸುತ್ತದೆ. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಬಾಯಿಯ ಜಾರುವ ಗುಣ ಹೋಗುತ್ತದೆ. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂಭಾಗದಲ್ಲಿ ಮೆಲ್ಲಗೆ ಆಡಿಸಿ. ಜಾರಿದರೆ ಒಗರು ಕಡಿಮೆ. ತಡೆದು ತಡೆದು ಹೋದರೆ ಜಾಸ್ತಿ. ಕೆಳತುಟಿಯ ಒಳಗೆ, ವಸಡಿನ ಮೇಲೆ, ಗೇರುಹಣ್ಣು ತಿಂದ ಹಾಗೆ ಬಿಗಿಯುತ್ತದೆ. ಇನ್ನು ಒಗರಿನ ಜಾತಿ. ಹಸಿ ಅಡಿಕೆ ಜಗಿದಾಗಿನ ಒರಟು ಒಗರು ಒಂದು, ಬೇಯಿಸಿ ಚೊಗರು ಬಿಟ್ಟ ಕೆಂಪಡಿಕೆಯ ಪಳಗಿದ ಒಗರು ಇನ್ನೊಂದು. ಎಳೆ ಕ್ಯಾಬರ್ನೆ ಮೊದಲನೆಯದರ ಕಡೆಗೆ, ಚೆನ್ನಾಗಿ ಮಾಗಿದ ಬ್ಲೆಂಡ್ ಎರಡನೆಯದರ ಕಡೆಗೆ. ಒಗರನ್ನು ಕಹಿ ಅಂದುಕೊಳ್ಳುವವರು ಬಹಳ. ಕಹಿ ಒಂದು ರುಚಿ, ಒಗರು ಮುಟ್ಟಿದ ಹಾಗೆ ತಿಳಿಯುವ ಅನುಭವ. ವ್ಯತ್ಯಾಸ ತಿಳಿಯಬೇಕಾದರೆ ವೈನೇ ಬೇಡ, ಹಾಲು ಸಕ್ಕರೆ ಇಲ್ಲದೆ ಹತ್ತು ನಿಮಿಷ ಕುದಿಸಿದ ಚಹಾ ಡಿಕಾಕ್ಷನ್ ಒಂದು ಗುಟುಕು ಬಾಯಲ್ಲಿಟ್ಟುಕೊಳ್ಳಿ.

ಮೈ ಎಷ್ಟು? ನೀರು ಬೆರೆಸಿದ ಹಾಲಿಗೂ ಗಟ್ಟಿ ಹಾಲಿಗೂ ಬಾಯಲ್ಲಿ ತೂಕ ಬೇರೆ ಅಲ್ವಾ, ಅದನ್ನೇ ವೈನ್‌ನಲ್ಲಿ ಬಾಡಿ ಅನ್ನುತ್ತಾರೆ. ಗಂಟಲಲ್ಲಿ ಬಿಸಿ ಉರಿದರೆ ಆಲ್ಕೋಹಾಲ್ ಮುಂದಾಗಿದೆ.

ಕೊನೆಯದು ಉಳಿಕೆ. ಉಗುಳಿದ ಮೇಲೆ ಹಣ್ಣಿನ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಣಿಸಿ. ಮೂರು ನಾಲ್ಕು ಎಣಿಸುವಷ್ಟರಲ್ಲಿ ಮಾಯವಾದರೆ ಸಾಧಾರಣ. ಹತ್ತು ದಾಟಿದರೆ ಒಳ್ಳೆಯದು. ಒಗರು ಮಾತ್ರ ಉಳಿದು ಹಣ್ಣು ಹೋಗಿದ್ದರೆ ಅದನ್ನು ಉಳಿಕೆ ಅಂತ ಎಣಿಸಬೇಡಿ.

ಹಂತ 8: ನೀವೇ ಬೆರೆಸಿ ನೋಡಿ

ಇಷ್ಟು ಕಲಿತ ಮೇಲೆ ಇದನ್ನು ಬಿಡಲೇಬೇಡಿ. ನಾಲ್ಕು ಮನೆಯವರು ಸೇರಿ ಎರಡು ಬಾಟಲಿ ತನ್ನಿ: ಒಂದು ಬರೀ ಕ್ಯಾಬರ್ನೆ ಸೊವಿನ್ಯೋನ್, ಇನ್ನೊಂದು ಬರೀ ಶಿರಾಜ್ ಅಥವಾ ಮೆರ್ಲೋ. ಟಾನಿಕ್ ಬಾಟಲಿಯ ಅಳತೆ ಮುಚ್ಚಳವನ್ನು ಚೆನ್ನಾಗಿ ತೊಳೆದು ತೆಗೆದುಕೊಳ್ಳಿ. ಐದು ಲೋಟ ಸಾಲಾಗಿಡಿ. ಮೊದಲನೆಯದರಲ್ಲಿ ಬರೀ ಕ್ಯಾಬರ್ನೆ 50 ಮಿ.ಲೀ., ಕೊನೆಯದರಲ್ಲಿ ಬರೀ ಶಿರಾಜ್. ನಡುವಿನ ಮೂರರಲ್ಲಿ ಕ್ಯಾಬರ್ನೆ 40 ಶಿರಾಜ್ 10, ಆಮೇಲೆ 35ಕ್ಕೆ 15, ಆಮೇಲೆ 25ಕ್ಕೆ 25. ಲೋಟದ ಬುಡಕ್ಕೆ ಚೀಟಿ ಅಂಟಿಸಿ, ಇನ್ನೊಬ್ಬರ ಕೈಲಿ ಜಾಗ ಬದಲಾಯಿಸಿ.

ಕ್ಯಾಬರ್ನೆಯ ನಡುವಿನ ಪೊಳ್ಳು ಯಾವ ಲೋಟದಲ್ಲಿ ತುಂಬಿತು, ಯಾವ ಲೋಟದಲ್ಲಿ ಕ್ಯಾಬರ್ನೆಯ ಗುರುತೇ ಅಳಿಸಿಹೋಯಿತು, ಅದನ್ನು ಹುಡುಕಿ. 10 ಮಿ.ಲೀ. ಎಷ್ಟು ದೊಡ್ಡ ಬದಲಾವಣೆ ತರುತ್ತದೆ ಅನ್ನುವುದು ಓದಿ ತಿಳಿಯುವ ವಿಷಯವಲ್ಲ. ಒಂದು ಸಲ ಇದನ್ನು ಮಾಡಿದವರು ಆಮೇಲೆ ಯಾವ ಬ್ಲೆಂಡ್ ಕುಡಿದರೂ "ಇಲ್ಲಿ ಕ್ಯಾಬರ್ನೆ, ಇಲ್ಲಿ ಶಿರಾಜ್" ಅಂತ ಬಿಡಿಸುತ್ತಾರೆ.

ಹಂತ 9: ತಿಂಡಿಯ ಜೊತೆ

ಕೊಬ್ಬು, ಪ್ರೋಟೀನ್ ಒಗರನ್ನು ಪಳಗಿಸುತ್ತವೆ. ಕುರಿ ಮಾಂಸದ ಸುಕ್ಕಾ, ಹಂದಿ ಮಾಂಸ, ತುಪ್ಪದಲ್ಲಿ ಹುರಿದ ಪನ್ನೀರು, ಅಣಬೆ, ಹುರಿದ ಗೋಡಂಬಿ ಎಲ್ಲ ಹೊಂದುತ್ತವೆ. ಖಾರ ಮಾತ್ರ ಕಡಿಮೆ ಮಾಡಿ. ಒಣಮೆಣಸಿನ ಖಾರ ಏರಿದರೆ ಆಲ್ಕೋಹಾಲಿನ ಉರಿಯೂ ಒಗರೂ ಎರಡು ಪಟ್ಟಾದ ಹಾಗೆ ಅನ್ನಿಸುತ್ತದೆ. ಖಾರ ಬೇಕೇ ಬೇಕು ಅಂದರೆ ಕಾಳುಮೆಣಸು ಹಾಕಿ, ಶಿರಾಜ್ ಇರುವ ಬ್ಲೆಂಡ್‌ಗೆ ಅದು ಒಡಹುಟ್ಟಿದ ಹಾಗೆ. ಮೀನಿನ ಜೊತೆ ಬೇಡ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಉಪ್ಪಿನಕಾಯಿಯನ್ನು ಮೇಜಿನಿಂದಲೇ ತೆಗೆದಿಡಿ.

ಹಂತ 10: ಉಳಿದದ್ದನ್ನು ಇಡುವುದು

ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಕರೆಂಟು ಹೋಗಿ ಬಂದು ಮಾಡುವ ದಿನಗಳಲ್ಲೂ ಎರಡು ಮೂರು ದಿನ ಇರುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸಣ್ಣ ಬಾಟಲಿಗೆ ಕತ್ತಿನವರೆಗೂ ತುಂಬಿಡಿ, ಗಾಳಿಗೆ ಜಾಗವಿಲ್ಲದಂತೆ. ಮಾರನೆಯ ದಿನ, ಅದೇ ಹೊತ್ತಿಗೆ, ಒಂದು ಗುಟುಕು ಮತ್ತೆ ನೋಡಿ. ಎಳೆ ಕ್ಯಾಬರ್ನೆ ಬ್ಲೆಂಡ್ ಎಷ್ಟೋ ಸಲ ಎರಡನೇ ದಿನ ಒಗರು ತಗ್ಗಿ, ಹಣ್ಣು ಮುಂದೆ ಬಂದು, ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ. ನಿನ್ನೆ ರುಚಿ ನೋಡಿ ಬರೆದುಕೊಂಡದ್ದನ್ನು ಓದದೆ ಇವತ್ತಿನದನ್ನು ಬರೆಯಿರಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.